ಭೇಟಿಯ ವೇಳೆ ಮೂರರಿಂದ ನಾಲ್ಕು

ಅಲ್ ಮಬೇಲಾದಲ್ಲಿದ್ದ ಕಟ್ಟಡ ಕಂಪೆನಿಯ ಯಾರ್ಡಿನ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತಿತ್ತು. ಟೈಮ್ ಕೀಪರ್ ಕೊಗ್ಗ ಶೆಟ್ಟಿಗಾರರು ಐದೂಮುಕ್ಕಾಲಿಗೇ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಹಾಜರಿ ಪುಸ್ತಕ ಬಿಡಿಸಿ ಕುಳಿತಿರುತ್ತಿದ್ದರು. 1974ರ ಮಾರ್ಚಿನಲ್ಲಿ ಮಸ್ಕತ್ತಿಗೆ ಬಂದಿಳಿದಂದಿನಿಂದ ಹತ್ತೊಂಬತ್ತು ವರ್ಷ ಅವರು ಒಂದು ದಿನವೂ ತಡಮಾಡಿದವರಲ್ಲ. ತಡಮಾಡಿದವರನ್ನು ಬಿಟ್ಟವರೂ ಅಲ್ಲ. ಆರು ಗಂಟೆ ಐದು ನಿಮಿಷದವರೆಗೆ ಬಂದವನು ಹಾಜರು, ಆರನೆಯ ನಿಮಿಷದಲ್ಲಿ ಬಂದವನಿಗೆ ಅರ್ಧ ದಿನದ ಸಂಬಳ ಇಲ್ಲ. ಬಸ್ಸು ಕೆಟ್ಟಿತು, ಊರಿಂದ ಫೋನು ಬಂತು ಎಂಬ ಯಾವ ಸಬೂಬೂ ಆ ತಗಡಿನ ಕೋಣೆಯಲ್ಲಿ ನಡೆಯುತ್ತಿರಲಿಲ್ಲ. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಒಬ್ಬನಿಗೆ ಸಡಿಲಿಸಿದರೆ ಉಳಿದ ಇನ್ನೂರ ಹನ್ನೊಂದು ಮಂದಿಗೆ ಅನ್ಯಾಯವಾಗುತ್ತದೆಂದು ಪ್ರಾಮಾಣಿಕವಾಗಿ ನಂಬಿದ್ದರು.

ಶುಕ್ರವಾರ ಮಾತ್ರ ಅವರು ಮತ್ರಾಕ್ಕೆ ಹೋಗುತ್ತಿದ್ದರು. ಅಲ್ಲಿನ ಹಳೆಯ ಪೇಟೆಯ, ಸೂಕ್‌ನ, ಇಕ್ಕಟ್ಟಾದ ಓಣಿಯಲ್ಲಿ ಮಮ್ಮದ್ ಬ್ಯಾರಿಯವರ ಜವಳಿ ಅಂಗಡಿ. ಕೊಗ್ಗ ಶೆಟ್ಟಿಗಾರರದು ಕಿನ್ನಿಗೋಳಿ ಕಡೆಯ ನೇಕಾರ ಮನೆತನ. ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ಇದು ಮಗ್ಗದ್ದೋ ಗಿರಣಿಯದ್ದೋ ಎಂದು ಹೇಳುವುದು ಅವರ ಶುಕ್ರವಾರದ ಸುಖ. ಒಂದು ದಿನ ಮಮ್ಮದ್ ಗಲ್ಲಾಪೆಟ್ಟಿಗೆಯಿಂದ ಹಳೆಯ ಜೇಬು ಗಡಿಯಾರವೊಂದನ್ನು ತೆಗೆದು ತೋರಿಸಿ, ಹಿಂದಿನ ಕಾಲದಲ್ಲಿ ಇಲ್ಲಿಯ ಜನ ಸೂರ್ಯ ಮುಳುಗುವ ಹೊತ್ತಿಗೆ ಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸಿಡುತ್ತಿದ್ದರೆಂದೂ, ತಮ್ಮ ಅಜ್ಜ ಇದೇ ಓಣಿಯಲ್ಲಿ ಹಾಗೆಯೇ ವ್ಯಾಪಾರ ನಡೆಸಿದ್ದರೆಂದೂ ಹೇಳಿದರು.

ಶೆಟ್ಟಿಗಾರರಿಗೆ ನಗು ತಡೆಯಲಾಗಲಿಲ್ಲ. "ಸೂರ್ಯ ದಿನಾ ಒಂದೇ ಹೊತ್ತಿಗೆ ಮುಳುಗ್ತಾನಾ ಸಾಯ್ಬರೇ? ನಿಮ್ಮ ಅಜ್ಜ ನನ್ನ ಗೇಟಿಗೆ ಬಂದಿದ್ರೆ ದಿನಾ ಲೇಟು ಮಾರ್ಕು ಬೀಳ್ತಿತ್ತು."

"ನಮ್ಮ ಅಜ್ಜ ನಿಮಗೇ ಆಬ್ಸೆಂಟ್ ಹಾಕ್ತಿದ್ರು ಶೆಟ್ಟಿಗಾರ್ರೆ. ನಗ್ಬೇಡಿ" ಎಂದು ಮಮ್ಮದ್ ಚಹಾ ತರಿಸಿದರು. ಮಾತು ಅಲ್ಲಿಗೆ ಮುಗಿಯಿತು.

1993ರ ಸೆಪ್ಟೆಂಬರ್ ಎಂಟರಂದು ಅವರಿಗೊಂದು ಪತ್ರ ಬಂತು. ಬರೆದವರು ಅಡಿಸ್ ಅಬಾಬಾದ ಒಂದು ಕಾನ್ವೆಂಟಿನ ಸಿಸ್ಟರ್ ಮಾರ್ಗರೆಟ್. ಬಜ್ಪೆಯವರು, ಹದಿನೆಂಟು ವರ್ಷಗಳಿಂದ ಇಥಿಯೋಪಿಯಾದಲ್ಲಿದ್ದವರು. ಶೆಟ್ಟಿಗಾರರ ಅಣ್ಣ ಗುರುವ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿದ್ದಾರೆ. ಹತ್ತಿಯ ಧೂಳಿನಿಂದ ಶ್ವಾಸಕೋಶ ಕೆಟ್ಟಿದೆ. ಅಕ್ಟೋಬರ್ ಕಳೆಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ. ತಮ್ಮನನ್ನು ನೋಡಬೇಕೆಂದು ದಿನವೂ ಕೇಳುತ್ತಾರೆ. ಕೊನೆಯ ಸಾಲು ಹೀಗಿತ್ತು: "ಆಸ್ಪತ್ರೆಯಲ್ಲಿ ನೋಡಲು ಬಿಡುವುದು ಮೂರರಿಂದ ನಾಲ್ಕು ಗಂಟೆಯವರೆಗೆ ಮಾತ್ರ, ಬೇರೆ ಹೊತ್ತಿನಲ್ಲಿ ಗೇಟು ತೆರೆಯುವುದಿಲ್ಲ."

ಗುರುವಣ್ಣ 1970ರಲ್ಲಿ ಅಲ್ಲಿನ ಬಟ್ಟೆ ಗಿರಣಿಯೊಂದಕ್ಕೆ ನೇಯ್ಗೆ ಕಲಿಸುವ ಮಾಸ್ತರರಾಗಿ ಹೋದವರು. ಐದು ವರ್ಷಗಳ ಬಳಿಕ ಗಿರಣಿಯನ್ನು ಸರಕಾರ ವಶಪಡಿಸಿಕೊಂಡರೂ ಅವರು ತಿರುಗಿ ಬರಲಿಲ್ಲ. ಹೊರಡುವ ದಿನ ಮನೆಯ ಗುಂಡಿಮಗ್ಗದ ಮೇಲೆ ಒಂದು ಬೈರಾಸನ್ನು, ಹೆಗಲಿಗೆ ಹಾಕುವ ಕೆಂಪು ಚೌಕಳಿಯ ಬಟ್ಟೆಯನ್ನು, ಅರ್ಧಕ್ಕೆ ಬಿಟ್ಟಿದ್ದರು. ಉಳಿದರ್ಧವನ್ನು ನೇಯ್ದು ಮುಗಿಸಿದವರು ತಮ್ಮ. ಆ ಬೈರಾಸು ಇಪ್ಪತ್ತಮೂರು ವರ್ಷಗಳಿಂದ ಶೆಟ್ಟಿಗಾರರ ಟ್ರಂಕಿನ ತಳದಲ್ಲಿತ್ತು. ಎಲ್ಲಿ ಅಣ್ಣನ ಕೈ ನಿಂತಿತು, ಎಲ್ಲಿ ತನ್ನ ಕೈ ಶುರುವಾಯಿತು ಎಂಬುದು ಅವರಿಗೆ ಕಣ್ಣುಮುಚ್ಚಿದರೂ ಬೆರಳಿಗೆ ತಿಳಿಯುತ್ತಿತ್ತು. ತಮ್ಮನ ಅರ್ಧ ತುಸು ಸಡಿಲ. ಅದನ್ನೊಮ್ಮೆ ಅಣ್ಣನ ಕೈಗಿಟ್ಟು ಬೈಸಿಕೊಳ್ಳಬೇಕೆಂಬುದೇ ಅವರ ಆಸೆ.

ಅಂದೇ ರಜೆಯ ಅರ್ಜಿ ಹಿಡಿದು ಆಫೀಸಿಗೆ ಹೋದರು. ಆಫೀಸು ನೋಡಿಕೊಳ್ಳುತ್ತಿದ್ದವರು ಕಾಪುವಿನ ಪ್ರೇಮನಾಥ.

"ಅಣ್ಣನ ಕಾಯಿಲೆಗೆ ರಜೆ ಇಲ್ಲ ಕೊಗ್ಗಣ್ಣ. ಅಣ್ಣ ತೀರಿಕೊಂಡರೆ ಏಳು ದಿವಸ ಉಂಟು, ಸರ್ಟಿಫಿಕೇಟ್ ತಂದು ಕೊಟ್ಟರೆ."

"ಹಾಗಾದ್ರೆ ಅವ ಸಾಯುವವರೆಗೆ ನಾನು ಇಲ್ಲಿ ಕೂತುಕೊಳ್ಬೇಕಾ?"

"ರೂಲು ನಾನು ಮಾಡಿದ್ದಾ ಮಾರಾಯ್ರೆ?" ಎಂದರು ಪ್ರೇಮನಾಥ. ಅದೂ ನಿಜವೇ.

ಕೊನೆಗೆ ಗೈರುಹಾಜರಿಯ ಮೇಲೆ ಏಳು ದಿನ ಬಿಡುವುದೆಂದೂ, ಆಮೇಲೆ ನೋಡೋಣವೆಂದೂ ತೀರ್ಮಾನವಾಯಿತು. ಆದರೆ ಪಾಸ್‌ಪೋರ್ಟು ಕಂಪೆನಿಯ ತಿಜೋರಿಯಲ್ಲಿತ್ತು, ತಿಜೋರಿಯ ಕೀಲಿಕೈ ವೀಸಾ ಕೊಟ್ಟ ಅರಬಿ ಧಣಿಯಾದ ಕಫೀಲರಲ್ಲಿತ್ತು, ಕಫೀಲರು ಸಂಸಾರಸಮೇತ ಸಲಾಲಾದ ತಂಪಿನಲ್ಲಿದ್ದರು. ಒಬ್ಬ ಮನುಷ್ಯನ ಹೆಸರು, ಭಾವಚಿತ್ರ, ಹುಟ್ಟಿದ ತಾರೀಕು ಅಚ್ಚಾಗಿರುವ ಪುಸ್ತಕ ಆ ಮನುಷ್ಯನ ಕೈಗೆ ಸಿಗಲು ಹದಿನಾಲ್ಕು ದಿನ ಬೇಕಾಯಿತು. ಕೈಗೆ ಬಂದ ಮೇಲೆ ವೀಸಾಕ್ಕೆ ಇನ್ನೂ ಹನ್ನೊಂದು ದಿನ ಹೋಯಿತು. ಶೆಟ್ಟಿಗಾರರು ಅಷ್ಟೂ ದಿನ ಐದೂಮುಕ್ಕಾಲಿಗೆ ಗೇಟಿನಲ್ಲಿ ಕುಳಿತು ಇನ್ನೊಬ್ಬರ ನಿಮಿಷಗಳನ್ನು ಬರೆದರು.

ಬರುವ ದಿನವನ್ನು ಸಿಸ್ಟರಿಗೆ ತಂತಿ ಕಳಿಸಿ ತಿಳಿಸಿ, ಅಕ್ಟೋಬರ್ ನಾಲ್ಕು, ಸೋಮವಾರ ಹೊರಟು, ದುಬೈಯಲ್ಲಿ ವಿಮಾನ ಬದಲಿಸಿ, ಮಂಗಳವಾರ ಬೆಳಗಾಗುವಾಗ ಅಡಿಸ್ ಅಬಾಬಾದಲ್ಲಿಳಿದರು. ಮಸ್ಕತ್ತಿಗಿಂತ ಅಲ್ಲಿ ಸಮಯ ಒಂದು ಗಂಟೆ ಹಿಂದೆ ಎಂಬುದನ್ನು ಅವರು ಮೊದಲೇ ವಿಚಾರಿಸಿಕೊಂಡಿದ್ದರು. ಇಳಿದವರೇ ಕೈಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ಸರಿಸಿ, ಮಾಡಬೇಕಾದದ್ದನ್ನೆಲ್ಲ ಮಾಡಿದ ಸಮಾಧಾನದಲ್ಲಿ ಟ್ಯಾಕ್ಸಿ ಹತ್ತಿದರು.

ಮಳೆ ನಿಂತು ಮೂರು ವಾರವಾಗಿತ್ತಷ್ಟೆ. ಗುಡ್ಡಗಳ ತುಂಬ ಹಳದಿ ಹೂವು. ರಸ್ತೆಯ ಹೊಂಡಗಳಲ್ಲಿ ಇನ್ನೂ ಕೆಂಪು ನೀರು. ನೀಲಗಿರಿ ಸೌದೆಯ ಹೊಗೆಯ ವಾಸನೆ. ಸಮುದ್ರ ಮಟ್ಟದಿಂದ ಏಳೂವರೆ ಸಾವಿರ ಅಡಿಗೂ ಮೇಲಿರುವ ಊರಾದ್ದರಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹೆಂಗಸರು ಹೊದ್ದಿದ್ದ ಬಿಳಿ ಶಾಲುಗಳ ಬಣ್ಣದ ಅಂಚನ್ನು ಕಂಡು, ಇದು ಮಗ್ಗದ್ದೇ ಎಂದು ಶೆಟ್ಟಿಗಾರರ ಕಣ್ಣು ತಾನಾಗಿ ಹೇಳಿತು. ಅಣ್ಣ ಇಲ್ಲಿ ಯಾಕೆ ಉಳಿದ ಎಂಬುದು ಆಗ ಸ್ವಲ್ಪ ತಿಳಿದಂತಾಯಿತು.

ಆಸ್ಪತ್ರೆಗೆ ಹತ್ತಿರವೇ ಒಂದು ಕೋಣೆ ಹಿಡಿದು, ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟರು. ಮಧ್ಯಾಹ್ನ ದಾರಿ ತಪ್ಪಬಾರದೆಂದು ಗೇಟನ್ನು ನೋಡಿಟ್ಟುಕೊಳ್ಳಲು ಹೋದರು. ಆಗ ಗಂಟೆ ಒಂಬತ್ತು ಕಳೆದು ಹತ್ತು ನಿಮಿಷ. ಗೇಟು ಹಾರುಹೊಡೆದಿತ್ತು. ಬುಟ್ಟಿ, ಫ್ಲಾಸ್ಕು, ಮಕ್ಕಳನ್ನು ಹಿಡಿದ ಜನ ಒಳಗೆ ಹೋಗುತ್ತಿದ್ದರು. ಹೊರರೋಗಿಗಳಿರಬೇಕೆಂದು ಅವರು ಎಣಿಸಿದರು. ಒಂದು ಕ್ಷಣ ಆ ಗುಂಪಿನೊಡನೆ ಒಳಗೆ ನುಗ್ಗಿಬಿಡಲೇ ಎಂದು ಮನಸ್ಸಾದದ್ದೂ ಸುಳ್ಳಲ್ಲ. ಆದರೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ವೇಳೆಯಲ್ಲದ ವೇಳೆಯಲ್ಲಿ ಗೇಟು ದಾಟುವವನನ್ನು ಆಯುಷ್ಯವಿಡೀ ತಡೆದವರು ತಾವೇ ದಾಟುವುದೆಂತು? ರಸ್ತೆಯ ಈಚೆ ಬದಿಯಲ್ಲಿ ಕಾಲು ಗಂಟೆ ನಿಂತು, ಕಂಕುಳಲ್ಲಿದ್ದ ಬೈರಾಸಿನ ಪೊಟ್ಟಣವನ್ನು ಸರಿಪಡಿಸಿಕೊಂಡು, ಕೋಣೆಗೆ ಮರಳಿದರು.

ಎರಡೂಮುಕ್ಕಾಲಿಗೆ ತಿರುಗಿ ಬಂದಾಗ ಗೇಟಿಗೆ ಬೀಗ. ಗೋಡೆಯ ಬೋರ್ಡಿನಲ್ಲಿ ಮೂರರಿಂದ ನಾಲ್ಕು ಎಂದೇ ಇತ್ತು. ಶೆಟ್ಟಿಗಾರರು ಬೋರ್ಡನ್ನು ತೋರಿಸಿದರು. ಕಾವಲುಗಾರ ಹೌದೆಂದು ತಲೆಯಾಡಿಸಿದ. ತಮ್ಮ ಗಡಿಯಾರವನ್ನು ತೋರಿಸಿದರು. ಅವನು ತನ್ನದನ್ನು ತೋರಿಸಿದ. ಅದರಲ್ಲಿ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಗಡಿಯಾರ ಕೆಟ್ಟಿರುವವನನ್ನು ಗೇಟಿಗೆ ಹಾಕಿದ್ದಾರಲ್ಲ ಎಂದು ಅವರಿಗೆ ರೋಷ ಬಂತು. ಗಟ್ಟಿಯಾಗಿ ಕನ್ನಡದಲ್ಲಿ, ಹಿಂದಿಯಲ್ಲಿ, ಅರಬಿಯಲ್ಲಿ ಹೇಳಿದರು. ಅವನು ಸಿಟ್ಟಾಗಲಿಲ್ಲ. ಮೂಡಣಕ್ಕೆ ಬೆರಳು ತೋರಿಸಿ, ನಾಳೆ ಎಂಬಂತೆ ಕೈಯಾಡಿಸಿ, ಕೂರಲು ಒಂದು ಕಲ್ಲನ್ನು ತೋರಿಸಿದ.

ನಾಲ್ಕು ಗಂಟೆಯ ಸುಮಾರಿಗೆ ಸಿಸ್ಟರ್ ಮಾರ್ಗರೆಟ್ ಬಂದರು. ಊರ ಹೊರಗಿನ ದವಾಖಾನೆಯಿಂದ ಬೆಳಿಗ್ಗೆಯೇ ಹೊರಟಿದ್ದರೂ ಮಳೆಗೆ ಕಿತ್ತುಹೋದ ರಸ್ತೆಯಲ್ಲಿ ಬಸ್ಸು ಹೂತು ತಡವಾಗಿತ್ತು. ಸೆರಗಿನ ತುಂಬ ಕೆಸರು. ಶೆಟ್ಟಿಗಾರರು ದೂರು ಹೇಳಿ ಮುಗಿಸುವ ಮೊದಲೇ ಸಿಸ್ಟರ್ ಅವರ ಮುಖ ಬಿಳಿಚಿಕೊಂಡಿತು.

"ಇಲ್ಲಿ ಸೂರ್ಯ ಹುಟ್ಟಿದ ಮೇಲೆ ಒಂದು, ಎರಡು ಅಂತ ಎಣಿಸುದು. ಇವರ ಮೂರು ಅಂದ್ರೆ ನಮ್ಮ ಒಂಬತ್ತು. ಹದಿನೆಂಟು ವರ್ಷದಲ್ಲಿ ನನಗೆ ನಮ್ಮ ಗಂಟೆಯೇ ಮರೆತುಹೋಗಿದೆ. ಬರೆಯುವಾಗ ಹೊಳೆಯಲೇ ಇಲ್ಲ."

"ಒಂಬತ್ತಕ್ಕೆ ನಾನು ಇಲ್ಲೇ ಇದ್ದೆ ಸಿಸ್ಟರ್" ಎಂದರು ಶೆಟ್ಟಿಗಾರರು. "ಆ ಬದಿಯಲ್ಲಿ ನಿಂತಿದ್ದೆ."

ಸಿಸ್ಟರ್ ಕಾವಲುಗಾರನನ್ನು ಬೇಡಿಕೊಂಡರು. ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆಂದು ಅವನು ಹೇಳಿದನಂತೆ. ಅದನ್ನು ಕನ್ನಡದಲ್ಲಿ ತಿಳಿಸಿಹೇಳುವ ಅಗತ್ಯವಿರಲಿಲ್ಲ; ಅವನ ಮುಖದಿಂದಲೇ ಶೆಟ್ಟಿಗಾರರಿಗೆ ಅರ್ಥವಾಗಿತ್ತು.

ಬುಧವಾರ ಬೆಳಿಗ್ಗೆ ಎಂಟೂವರೆಗೇ ಇಬ್ಬರೂ ಗೇಟಿನಲ್ಲಿದ್ದರು. ಒಂಬತ್ತಕ್ಕೆ ತೆರೆಯಿತು. ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ ಬರಿದಾಗಿತ್ತು, ಹಾಸಿಗೆಯನ್ನು ಮಡಚಿಟ್ಟಿದ್ದರು. ಬೆಳಗಾಗುವ ಮುನ್ನ ಹನ್ನೊಂದು ಗಂಟೆಗೆ ಹೋದರೆಂದು ನರ್ಸು ಹೇಳಿದಳು. ಅಂದರೆ ನಮ್ಮ ಐದು ಎಂದು ಸಿಸ್ಟರ್ ಮೆಲ್ಲನೆ ಸೇರಿಸಿದರು. ಪಕ್ಕದ ಮಂಚದ ಮುದುಕ ಎದ್ದು ಕುಳಿತು ಹೇಳಿದ್ದನ್ನು ಸಿಸ್ಟರ್ ತಿಳಿಸಿದರು. ನಿನ್ನೆ ತಮ್ಮ ಬರುತ್ತಾನೆಂದು ಗುರುವ ಗಡ್ಡ ಬೋಳಿಸಿಕೊಂಡು, ತಲೆದಿಂಬು ಎತ್ತರಿಸಿಕೊಂಡು, ಮೂರರಿಂದ ನಾಲ್ಕರವರೆಗೆ ಬಾಗಿಲನ್ನೇ ನೋಡುತ್ತಿದ್ದರಂತೆ.

ಅಲ್ಲಿನ ಗುಜರಾತಿ ವ್ಯಾಪಾರಿಗಳು ಸೌದೆ ಹೊಂದಿಸಿಕೊಟ್ಟರು. ಶೆಟ್ಟಿಗಾರರು ಅಣ್ಣನ ಮೇಲೆ ಬೈರಾಸು ಹೊದಿಸಿದರು. ಹೊದಿಸುವಾಗ ಅಣ್ಣ ನೇಯ್ದ ಅರ್ಧ ಎದೆಗೆ ಬಂತು. ಅವರು ಅದನ್ನು ತೆಗೆದು, ತಿರುಗಿಸಿ, ತಾನು ನೇಯ್ದ ಅರ್ಧವನ್ನು ಆ ಕೈಗಳ ಕೆಳಗಿಟ್ಟರು.

ಮಸ್ಕತ್ತಿಗೆ ಮರಳಿ, ಮರಣ ಪ್ರಮಾಣಪತ್ರವನ್ನೂ ಅದರ ಇಂಗ್ಲಿಷ್ ಪ್ರತಿಯನ್ನೂ ಪ್ರೇಮನಾಥರ ಮೇಜಿನ ಮೇಲಿಟ್ಟರು. ಪ್ರೇಮನಾಥ ಎರಡೆರಡು ಸಲ ಓದಿದರು.

"ಕೊಗ್ಗಣ್ಣ, ಇದರಲ್ಲಿ 1986 ಅಂತ ಉಂಟಲ್ಲ?"

ಆ ದೇಶದ ಪಂಚಾಂಗವೇ ಏಳೆಂಟು ವರ್ಷ ಹಿಂದೆ, ಅವರ 1986 ಎಂದರೆ ನಮ್ಮ 1993 ಎಂದು ಶೆಟ್ಟಿಗಾರರು ವಿವರಿಸಿದರು. ತಮ್ಮ ಬಾಯಿಂದ ಬರುತ್ತಿರುವ ಮಾತು ತಮ್ಮ ಗೇಟಿನಲ್ಲಿ ಕೇಳಿದ ಸಬೂಬುಗಳಂತೆಯೇ ಕೇಳಿಸುತ್ತಿದೆ ಎಂಬುದು ಅವರಿಗೇ ತಿಳಿಯುತ್ತಿತ್ತು.

"ನಾನು ನಂಬ್ತೇನೆ ಮಾರಾಯ್ರೆ. ಕಫೀಲರು ನಂಬಬೇಕಲ್ಲ? ಏಳು ವರ್ಷ ಹಿಂದೆ ಸತ್ತವನಿಗೆ ಈಗ ರಜೆಯಾ ಅಂತ ಕೇಳಿದ್ರೆ ನಾನು ಎಂತ ಹೇಳುದು? ಖಲಾಸ್, ಇದು ಆಗುದಿಲ್ಲ."

ಮಾರನೆಯ ದಿನ ಐದೂಮುಕ್ಕಾಲಿಗೆ ಶೆಟ್ಟಿಗಾರರು ಹಾಜರಿ ಪುಸ್ತಕ ಬಿಡಿಸಿದರು. ಅವರ ಸ್ವಂತ ಹೆಸರು ಕೊನೆಯ ಪುಟದಲ್ಲಿತ್ತು. ಅದರ ಮುಂದೆ ಏಳು ಮನೆಗಳು ಖಾಲಿಯಿದ್ದವು. ಇನ್ನೊಬ್ಬರು ಬರೆಯುವುದಾದರೆ ಬರೆಯಲಿ ಎಂದು ಸ್ವಲ್ಪ ಹೊತ್ತು ಕಾದರು. ಬದಲಿಗೆ ಕುಳಿತವನು ಉಳಿದವರದನ್ನು ತುಂಬಿದ್ದ, ಟೈಮ್ ಕೀಪರರ ಹೆಸರಿನ ಮುಂದೆ ಬರೆಯುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ. ಅಕ್ಟೋಬರ್ ನಾಲ್ಕರಿಂದ ತೊಡಗಿ ಒಂದೊಂದೇ ಮನೆಯಲ್ಲಿ ಗೈರುಹಾಜರು ಎಂದು ತುಂಬಿದರು. ಐದನೆಯ ತಾರೀಕಿನ ಮನೆಗೆ ಬಂದಾಗ ಪೆನ್ನು ನಿಂತಿತು. ಅಂದು ಒಂಬತ್ತು ಕಳೆದು ಹತ್ತು ನಿಮಿಷಕ್ಕೆ ಅವರು ಹೋಗಬೇಕಾದಲ್ಲಿಗೆ ಸರಿಯಾಗಿ ಹೋಗಿದ್ದರು.

ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ಅವರು ಆ ಮನೆಯಲ್ಲೂ ಅದನ್ನೇ ಬರೆದು, ಪುಟ ಮಗುಚಿ, ಗೇಟು ತೆಗೆಯಲು ಎದ್ದರು.