ಹಾಳೆಯ ಎಡಮೂಲೆ

ಆ ಬೆಳಿಗ್ಗೆಯೂ ಎಂದಿನಂತೆ ಇಡ್ಲಿ ಬೇಯಲು ಇಟ್ಟು, ಅಷ್ಟರಲ್ಲಿ ಕಂಪ್ಯೂಟರಿನ ಮೌಸ್ ಬಿಚ್ಚಿ ಅದರೊಳಗಿನ ಗುಂಡನ್ನು ಒರೆಸಿದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಅದರ ಸಣ್ಣ ಎಳೆಗಳು ಗಾಳಿಯಲ್ಲಿ ಬಂದು ಆ ಗುಂಡಿಗೂ ಸುತ್ತಿಕೊಳ್ಳುತ್ತಿದ್ದವು. ಒರೆಸದಿದ್ದರೆ ಗೆರೆ ಎಳೆಯುವಾಗ ಪರದೆಯ ಮೇಲಿನ ಬಾಣ ಜಿಗಿಯುತ್ತಿತ್ತು. ಕರೆಂಟು ಹೋಗುವ ಮುಂಚೆ ಗೆರೆ ಮುಗಿಯಬೇಕು, ಸಾರು ಆಮೇಲೆ. ಎರಡು ಸಾವಿರದ ಮೂರರ ಸುಮಾರಿಗೆ ನನ್ನ ಬೆಳಗುಗಳು ಹೀಗಿದ್ದವು.

ನಮ್ಮ ಯಜಮಾನರು ನೂಲು ಬಿಚ್ಚುವ ಯಂತ್ರಗಳ ರಿಪೇರಿ ಮಾಡುತ್ತಿದ್ದರು. ನೂಲಿನಲ್ಲಿ ಗಂಟು ಬಂದಾಗಲೆಲ್ಲ ಎಳೆ ಕಡಿಯುವುದೇ ದೊಡ್ಡ ತಲೆನೋವು. ಒಮ್ಮೆ ರವಿಕೆ ಹೊಲಿಯುತ್ತಿದ್ದ ನಾನು, ಹೊಲಿಗೆ ಯಂತ್ರದಲ್ಲಿ ದಾರ ಹಿಡಿಯುವ ಎರಡು ಪುಟ್ಟ ಬಿಲ್ಲೆಗಳನ್ನು ತೋರಿಸಿ, "ಇಂಥದ್ದೇ ಹಾಕಿ ನೋಡಿ. ಹಿಂದೆ ಮೆತ್ತನೆ ಸ್ಪ್ರಿಂಗ್ ಇದ್ರೆ ಗಂಟು ಬಂದಾಗ ಬಿಲ್ಲೆ ಬಾಯಿ ಬಿಟ್ಟು ದಾಟಿಸುತ್ತೆ" ಅಂದಿದ್ದೆ. ಹಾಕಿದರು. ಗಂಟು ದಾಟಿತು.

ಈ ಉಪಾಯಕ್ಕೆ ಪೇಟೆಂಟ್ ಮಾಡಿಸಲು ಯಂತ್ರದ ಚಿತ್ರಗಳು ಬೇಕಾದವು. ಮೊದಲು ನಕ್ಷೆ ಬರೆಯುವ ಮೈಸೂರಿನ ಡ್ರಾಫ್ಟ್ಸ್‌ಮನ್ ಒಬ್ಬರು ಬರೆದುಕೊಟ್ಟರು. ತಿದ್ದುವುದಿದ್ದರೆ ಬಸ್ಸು ಹತ್ತಬೇಕು. ಅವರು ಇಂಕನ್ನು ಬ್ಲೇಡಿನಿಂದ ಕೆರೆಯುವರು, ಕೆರೆದ ಜಾಗ ತರಚಿದ ಚರ್ಮದಂತೆ ಒರಟಾಗಿ ಕಾಣುವುದು. ಕಡೆಗೆ ಯಜಮಾನರು ಹಳೆಯ ಕಂಪ್ಯೂಟರೊಂದನ್ನು ಮನೆಗೇ ತಂದರು. ನಾನು ಓದಿದ ಕಾನ್ವೆಂಟಿನಲ್ಲಿ ಗೆರೆ ವಾಲಿದರೆ ಸಿಸ್ಟರ್ ಹಾಳೆಯನ್ನೇ ಹರಿಯುತ್ತಿದ್ದರು. ಆ ಭಯದಲ್ಲಿ ಪಳಗಿದ ಕೈ ಈಗ ಕೆಲಸಕ್ಕೆ ಬಂತು. ಪರದೆಯಲ್ಲಿ ಬರೆದ ಚಕ್ರವನ್ನು ಮೌಸಿನಿಂದ ಒತ್ತಿ ಹಿಡಿದು ಪಕ್ಕಕ್ಕೆ ಸರಿಸಿದರೆ ಅದಕ್ಕೆ ಅಂಟಿದ ಗೆರೆ, ಅಂಕಿ ಎಲ್ಲ ಮಕ್ಕಳಂತೆ ಹಿಂದೆಯೇ ಬರುತ್ತಿದ್ದವು. ಯಂತ್ರದ ಒಂದೊಂದು ಭಾಗಕ್ಕೂ ಒಂದೊಂದು ಅಂಕಿ ಇರಬೇಕು, ನನ್ನ ಬಿಲ್ಲೆಗಳಿಗೆ ಹದಿನಾಲ್ಕು ಕೊಟ್ಟಿದ್ದೆ.

ಹಾಳೆಯ ಎಡಮೂಲೆಯಲ್ಲಿ ಅರ್ಜಿದಾರರ ಹೆಸರಿರಬೇಕು. ಅವರ ಹೆಸರು, ಅದರ ಕೆಳಗೆ ನನ್ನದು. ಹಾಗೆ ಬರೆಯಲು ಅವರೇ ಹೇಳಿದ್ದರು. ಕಂಪ್ಯೂಟರಿನಲ್ಲಿ ಎಲ್ಲ ಹಾಳೆಗೂ ಅಡಿಯಲ್ಲಿ ಒಂದೇ ಹಿನ್ನೆಲೆ ಹಾಳೆಯಿತ್ತು, ಅದರಲ್ಲಿ ಒಮ್ಮೆ ಬರೆದರೆ ಎಲ್ಲದರಲ್ಲೂ ಮೂಡುತ್ತಿತ್ತು.

ಅಂದು ಬೆಂಗಳೂರಿನ ಪೇಟೆಂಟ್ ಏಜೆಂಟರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದ ತಪ್ಪುಗಳನ್ನು ತಿದ್ದುತ್ತಿದ್ದೆ. ಒಂದೇ ಅಂಕಿ ಎರಡು ಭಾಗಕ್ಕೆ ಬಿದ್ದಿತ್ತು, ಒಂದು ಗೆರೆ ಇನ್ನೊಂದನ್ನು ದಾಟಿತ್ತು. ಯಜಮಾನರು ಇಡ್ಲಿ ತಿಂದ ಕೈ ತೊಳೆದು, ನನ್ನ ಹಿಂದೆ ಬಂದು ನಿಂತರು.

"ನಿನ್ ಎಸ್ರು ತಗ್ದು ಅಣ್ಣನ್ದು ಆಕ್ಬುಡೆ."

ಅವರ ಅಣ್ಣ ಯಳಂದೂರಿನವರು. ಬಿಲ್ಲೆ ಇರುವ ಹೊಸ ಯಂತ್ರ ತಯಾರಿಸುವುದು ಅವರ ಶೆಡ್ಡಿನಲ್ಲಿ ಎಂದಾಗಿತ್ತು.

"ಯಾಕ್ರೀ?"

"ಶೆಡ್ಡು ಅವನ್ದು. ಎಂಗಸ್ರ ಎಸ್ರು ಯಾಕ್ಲಾ ಅಂತಾನೆ."

"ಬಿಲ್ಲೆ ನಾನು ಹೇಳಿದ್ದಲ್ವಾ?"

ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಯಾರ್ ಏಳಿದ್ರೋ! ಆಗ ಎಲ್ರೂ ಏನೇನೋ ಏಳ್ತಿದ್ರು. ನಂಗಂತೂ ಗ್ಯಾಪಕ ಇಲ್ಲ."

ಜಗಳ ನನಗೆ ಬರುವುದಿಲ್ಲ. ಹಿನ್ನೆಲೆ ಹಾಳೆ ತೆರೆದೆ, ಹೆಸರು ಅಳಿಸಿ ಭಾವನವರದು ಬರೆದೆ. ಒಮ್ಮೆ ಅಳಿಸಿದ್ದಕ್ಕೆ ಅಷ್ಟೂ ಹಾಳೆಯಿಂದ ನಾನು ಹೋಗಿದ್ದೆ. ಬ್ಲೇಡಿನಿಂದ ಕೆರೆದಿದ್ದರೆ ಒರಟು ಕಲೆಯಾದರೂ ಉಳಿಯುತ್ತಿತ್ತು. ಇಲ್ಲಿ ಪ್ರಿಂಟರಿನಿಂದ ಕಾಗದ ಹೊಚ್ಚಹೊಸದಾಗಿ ಹೊರಬಂತು. ಹದಿನಾಲ್ಕು ಮಾತ್ರ ಇದ್ದಲ್ಲೇ ಇತ್ತು. ಅವರು ಹಾಳೆಗಳನ್ನು ಸುರುಳಿ ಸುತ್ತಿ ಬೆಂಗಳೂರು ಬಸ್ಸಿಗೆ ಹೊರಟರು. ಹೋಗುವಾಗ, ಸಾರಿಗೆ ಉಪ್ಪು ಕಮ್ಮಿ ಹಾಕು ಅಂದರು.

ಇಡೀ ದಿನ ನನ್ನ ನೆನಪನ್ನೇ ಅನುಮಾನಿಸಿದೆ. ನಿಜವಾಗಿ ನಾನೇ ಹೇಳಿದ್ದೆನೇ? ಅವರೇ ಅಂದದ್ದನ್ನು ನನ್ನದೆಂದುಕೊಂಡೆನೇ? ಹೊಲಿಗೆ ಯಂತ್ರದ ಮುಂದೆ ಹೋಗಿ ಬಿಲ್ಲೆಗಳನ್ನು ಮುಟ್ಟಿ ನೋಡಿದೆ. ಮರೆತಿದ್ದರೆ ಅವರ ತಪ್ಪೇನು ಎಂದೂ ಸಮಾಧಾನ ಮಾಡಿಕೊಂಡೆ.

ಸಂಜೆ ಪಕ್ಕದ ಮನೆಯಾಕೆ ಹನೂರಿನ ತವರಿನಿಂದ ತಂದ ಹುಣಸೆಹಣ್ಣನ್ನು ಕೊಡಲು ಬಂದಳು. ಅವರ ಮನೆಯಲ್ಲೂ ನೂಲು ಬಿಚ್ಚುವ ಯಂತ್ರವಿತ್ತು.

"ಅಕ್ಕೋ, ಆ ಬಿಲ್ಲೆ ನಮ್ಗೂ ಒಂದ್ ಜೊತೆ ಆಕ್ಕೊಡಕ್ ಏಳಿ ನಿಮ್ಮೆಜಮಾನ್ರಿಗೆ," ಅಂದಳು, ಹೊಸಿಲು ದಾಟುತ್ತಾ. "ಅವತ್ತು ಚಪ್ಲಿನೂ ಬುಡ್ದೆ ನಮ್ಮನೆಗ್ ನುಗ್ಗಿ, 'ನನ್ನೆಂಡ್ತಿ ಕಂಡಿಡ್ದವ್ಳೆ, ಬಂದ್ ನೋಡ್ರಿ' ಅಂತ ಕುಣ್ದಾಡ್ಬುಟ್ರಲ್ಲ! ಎಂಡ್ತಿ ಬುದ್ಧಿಗೆ ಇಂಗ್ ಕುಣಿಯೋ ಗಂಡನ್ನ ಈ ಬೀದೀಲಿ ನಾ ಕಾಣ್ನಿಲ್ಲ ಕಣಕ್ಕ."