ಕೈ ಹಚ್ಚದ ಸೂಲಗಿತ್ತಿ

ಹರೆಯದ ಹೆಣ್ಣುಮಗಳು ಹೊಟ್ಟೆನೋವೆಂದು ಬಂದರೆ ಕಾಶಮ್ಮ ಆಯಿ ಮೊದಲು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂಡುತ್ತಿದ್ದಳು. ಭಾಲ್ಕಿಯ ಅರ್ಧ ಕೂಸುಗಳನ್ನು ಎತ್ತಿದ ಕೈ ಅವು. ಹಾಗೆ ಕೂತೇ ಕೇಳುತ್ತಿದ್ದಳು: "ಮುಟ್ಟು ನಿಂತು ಎಷ್ಟು ದಿನಾ ಆತು? ಒಂದೇ ಬಾಜೂ ನೋಯ್ತದೇನು? ಹೆಗಲಾ ಹಿಡದದೇನು? ಕಣ್ಣಿಗಿ ಕತ್ತಲಿ ಬರ್ತದೇನು?"

ನಮ್ಮ ಕಡೆ ಹೊಟ್ಟೆ ನೊಂದರೆ ಹೊಕ್ಕಳು ಸರಿದಿದೆ ಎನ್ನುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುವುದು ಸೂಲಗಿತ್ತಿಯ ಕೆಲಸ. ಆಯಿಯೂ ತಿಕ್ಕುತ್ತಿದ್ದಳು. ಔರಾದ ಕಡೆಯ ಚಿಂತಾಕಿಗೆ ಕೊಟ್ಟಿದ್ದ ಒಬ್ಬಳೇ ಮಗಳು ನೋವೆಂದು ತವರಿಗೆ ಬಂದಾಗಲೂ ತಿಕ್ಕಿದಳು. ಕೈಯ ಕೆಳಗೇ ಮಗಳು ಬಿಳಿಚಿಕೊಂಡಳು, ಸಂಜೆಗೆ ಉಳಿಯಲಿಲ್ಲ.

ಕಾರಣ ಕೇಳಲು ಆಯಿ ಬೀದರಿನ ದವಾಖಾನೆಯ ಡಾಕ್ಟರಬಾಯಿಯ ಬಳಿ ಹೋದಳು. ಬಸಿರು ಕೆಲವೊಮ್ಮೆ ಗರ್ಭಚೀಲಕ್ಕೆ ಇಳಿಯದೆ ದಾರಿಯ ನಳಿಗೆಯಲ್ಲೇ ನಿಂತು ಬೆಳೆಯುತ್ತದೆ, ನಳಿಗೆ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ಸೋರುತ್ತದೆ ಎಂದು ಅವರು ತಿಳಿಸಿದರು. ತಿಕ್ಕದಿದ್ದರೂ ಒಡೆಯುತ್ತಿತ್ತೇನೋ ಎಂದೂ ಹೇಳಿದರು. ಆ ಸಮಾಧಾನವನ್ನು ಆಯಿ ತೆಗೆದುಕೊಳ್ಳಲಿಲ್ಲ.

ನನ್ನ ಚೊಚ್ಚಲು ಕೂಸು ಹೋಗಿ, ಬಾಣಂತಿ ಜ್ವರದಲ್ಲಿ ನಾನು ಬಹಳ ದಿನ ಮಲಗಿದ್ದೆ. ನಾಲ್ಕು ವರ್ಷದ ಮೇಲೆ ಮತ್ತೆ ಮುಟ್ಟು ನಿಂತಿತು. ಒಂದೂವರೆ ತಿಂಗಳಿಗೆ ಎಡಗಡೆ ನೋವು, ಹೆಗಲಲ್ಲಿ ಚಳಕು. ಅತ್ತೆ ಎದುರುಮನೆಯ ಆಯಿಯನ್ನು ಕರೆಸಿ ಎಣ್ಣೆಬಟ್ಟಲು ಮುಂದಿಟ್ಟರು.

"ತಿಕ್ಕವ್ವಾ ಕಾಶಮ್ಮಾ. ನಿನ್ನ ಕೈಗುಣಾ ಊರಿಗೇ ಗೊತ್ತದ."

"ಕೈ ಹಚ್ಚಂಗಿಲ್ಲರಿ, ಅಕ್ಕಾ. ಬಾಣಂತಿ ಜ್ವರದಾಗ ಒಳಗ ದಾರಿ ಕೆಟ್ಟಿರ್ತದ. ಈಗಿನ ರೈಲಿಗೇ ಬೀದರಕ್ಕ ಒಯ್ಯಬೇಕು."

"ಹೊಟ್ಟಿ ಕೊಯ್ಸಲಾಕ? ನಾಕು ವರ್ಷಕ್ಕ ನಿಂತ ಬಸರದ!"

"ಆ ಕೂಸು ಹ್ಯಾಂಗೂ ಉಳ್ಯಂಗಿಲ್ಲರಿ, ಇಕೀನರ ಉಳಸ್ಕೋರಿ. ಸೊಸಿ ಬ್ಯಾಡಾಗಿದ್ರ ಹೇಳ್ರಿ. ನನಗ ಮಗಳಿಲ್ಲ, ನಾ ಒಯ್ತೇನಿ."

ಅತ್ತೆ ಬಟ್ಟಲು ಹಿಂದಕ್ಕೆ ಸರಿಸಿದರು.

ರೈಲಿನಲ್ಲಿ ಆಯಿ ನನ್ನ ಮಣಿಕಟ್ಟು ಹಿಡಿದೇ ಕೂತಿದ್ದಳು. ಹೊಟ್ಟೆಗೆ ಬೆರಳೂ ತಾಗಿಸಲಿಲ್ಲ. ಡಾಕ್ಟರಬಾಯಿ ಅಂದೇ ಕ್ಲೋರೋಫಾರ್ಮ್ ಕೊಟ್ಟು ಹೊಟ್ಟೆ ತೆರೆದು, ಸೋರುತ್ತಿದ್ದ ನಳಿಗೆಯನ್ನು ಕಟ್ಟಿ ತೆಗೆದರು. ಎಚ್ಚರಾದ ಮೇಲೆ ನಾನು ಕೂಸಿಗಾಗಿ ಅಳತೊಡಗಿದೆ. ಆಯಿ ಸುಮ್ಮನಿರು ಎನ್ನಲಿಲ್ಲ. "ಅಳು. ಅಳಲಾಕ ಉಳದೀಯಲ್ಲ, ಅಷ್ಟ ಸಾಕು" ಎಂದಳು.

ಆಯಿ ತೀರಿಕೊಂಡು ಹದಿನೈದು ದಿನವಾಗಿರಲಿಲ್ಲ. ಮೆಹಕರದಿಂದ ಒಬ್ಬ ಹುಡುಗಿ ತಾಯಿಯೊಂದಿಗೆ ಅವಳನ್ನು ಹುಡುಕಿಕೊಂಡು ಬಂದಳು. ಆಯಿಯ ಮನೆಗೆ ಬೀಗ ಕಂಡು ಎದುರಿನ ನಮ್ಮ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ಕೂತಳು. ತಾಯಿಯ ಕೈಯಲ್ಲಿ ಎಣ್ಣೆಯ ಗಿಂಡಿ. ಅದನ್ನು ಇಸಿದುಕೊಂಡು ಒಳಗಿಟ್ಟು ಬಂದು ಹುಡುಗಿಯ ಪಕ್ಕ ಕೂತೆ.

"ಹೆಗಲಾ ಹಿಡದದೇನವ್ವಾ?"

ಹೌದೆಂದು ತಲೆಯಾಡಿಸಿದಳು. ನಾನು ಏಳುವ ಮೊದಲೇ ಅತ್ತೆ ನನ್ನ ಶಾಲು ತಂದು ಹೆಗಲಿಗೆ ಹಾಕಿದರು. "ನಡಿ, ಗಾಡಿ ಬರೋ ಹೊತ್ತಾತು."

ಹುಡುಗಿ ಉಳಿದಳು. ಅದನ್ನು ಹೇಳಲು, ಮೂರನೆಯ ದಿನ ರೈಲಿಳಿದು ನೇರವಾಗಿ ಆಯಿಯ ಬಾಗಿಲಿಗೆ ಹೋದೆ. ಬೀಗಕ್ಕೆ ಕೈ ತಾಗಿದಾಗ ನೆನಪಾಯಿತು.