ಎರಡು ಎಡಗೈ, ಒಂದು ಜೊತೆ

ನನ್ನ ತಂಗಿಯ ಹಠವನ್ನು ಯಾರಾದರೂ ಹೊಗಳಿದರೆ ಈಗಲೂ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಅವರೆಲ್ಲ ಆ ಹಠವನ್ನು ದೂರದಿಂದ ನೋಡಿದವರು. ನಾನು ಅದರ ಜೊತೆ ಒಂದೇ ಮನೆಯಲ್ಲಿ ಬೆಳೆದವನು. ಚಿಕ್ಕವಳಿದ್ದಾಗ ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಅತ್ತಳು. ಯಾರೂ ನಂಬಲಿಲ್ಲ. ಚಪ್ಪಲಿಯನ್ನು ತಂದು ಅಪ್ಪನ ಮಡಿಲಲ್ಲಿಟ್ಟು, “ನೀವೇ ಹಾಕ್ಕೊಂಡು ಒಂದು ಸುತ್ತು ಬನ್ನಿ” ಎಂದಳು. ಆಗ ಅವಳಿಗೆ ಆರು ವರ್ಷ. ಬೆಳೆದು ದೊಡ್ಡವಳಾದ ಮೇಲೂ ಆ ಗುಣ ಇಳಿಯಲಿಲ್ಲ, ಬಲಿಯಿತು.

ನಮ್ಮದು ಕೈಗವಸು ಹೊಲಿಯುವ ಶೆಡ್ಡು. ದಪ್ಪ ಕ್ಯಾನ್ವಾಸ್ ಬಟ್ಟೆ, ಅಂಗೈ ಕಡೆಗೆ ಒಂದು ಪದರ ಚರ್ಮ. ಗಾಜು, ತಂತಿ, ಕಲ್ಲಿನ ಕೆಲಸ ಮಾಡುವವರು ಹಾಕಿಕೊಳ್ಳುವಂಥವು. ಅಪ್ಪ ಬಿಟ್ಟುಹೋದ ಆರು ಮಷೀನು. ಕತ್ತರಿಸುವುದು, ಹೊಲಿಯುವುದು, ಹೊಲಿಯುವ ಹೆಂಗಸರನ್ನು ಸಂಭಾಳಿಸುವುದು ತಂಗಿಯ ಪಾಲು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಈ ಶೆಡ್ಡೊಂದೇ. ಆರ್ಡರ್ ತರುವುದು ನನ್ನ ಪಾಲು. ಇಪ್ಪತ್ತೆರಡು ವರ್ಷ ಕಾರ್ಖಾನೆ, ಯಾರ್ಡು, ಗೋದಾಮುಗಳ ಸ್ಟೋರ್ ರೂಮಿನ ಮುಂದೆ ಕೂತು ಟೀ ಕುಡಿದವನು ನಾನು. ಯಾವ ಸ್ಟೋರ್‌ಕೀಪರಿಗೆ ಎಷ್ಟು ಸಕ್ಕರೆ ಬೇಕು, ಯಾರಿಗೆ ಸೊಂಟನೋವು, ಯಾರ ಮಗಳು ಎಷ್ಟನೇ ಕ್ಲಾಸು, ಎಲ್ಲ ಬಾಯಿಪಾಠ. ಗಿರಾಕಿಯ ನಾಡಿ ನನ್ನ ಬೆರಳ ತುದಿಯಲ್ಲಿದೆ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ.

ಆಮೇಲೆ ದೊಡ್ಡ ಕಂಪನಿಯ ಕೈಗವಸು ಬಂತು. ಡಜನ್ ಜೊತೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ನಮಗೆ ಬರೀ ಬಟ್ಟೆಗೆ ಬೀಳುವ ಖರ್ಚಿನಲ್ಲಿ ಅವರು ಪೂರ್ತಿ ಜೊತೆಯನ್ನೇ ಕೊಡುತ್ತಿದ್ದರು. ನನ್ನ ಆಪ್ತ ಸ್ಟೋರ್‌ಕೀಪರುಗಳು ಅದೇ ಟೀ ಕುಡಿಸಿ, ಅದೇ ನಗು ನಕ್ಕು, ಒಬ್ಬೊಬ್ಬರಾಗಿ ಕೈಕೊಟ್ಟರು. ಒಂದೇ ವರ್ಷದಲ್ಲಿ ಆರು ಮಷೀನಿನಲ್ಲಿ ನಾಲ್ಕು ನಿಂತವು. ಹೊಲಿಯುವ ಹೆಂಗಸರಲ್ಲಿ ಮೂವರು ಬೇರೆ ಕಡೆ ಸೇರಿದರು, ಇಬ್ಬರು ಉಳಿದರು.

ಮಷೀನು ಮಾರಿ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಡುವುದೆಂದು ನಾನು ತೀರ್ಮಾನಿಸಿದೆ. ಹಳೇ ಮಷೀನು ಕೊಳ್ಳುವವನೊಬ್ಬ ಬಂದು ನೋಡಿಕೊಂಡೂ ಹೋದ. ಅವನು ಹೋದ ಮೇಲೆ ತಂಗಿ ಕೇಳಿದಳು.

“ಗಿರಾಕಿಗೆ ಏನು ಬೇಕು ಅಂತ ಕೇಳಿದ್ಯಾ?”

“ಇಪ್ಪತ್ತೆರಡು ವರ್ಷದಿಂದ ಅದನ್ನೇ ಕೇಳ್ತಾ ಇದೀನಿ. ಕಮ್ಮಿ ರೇಟು ಬೇಕು. ಇಳಿಸ್ಬೇಕು ಅಂದ್ರೆ ಚರ್ಮ ತೆಗೀಬೇಕು.”

“ಚರ್ಮ ತೆಗೆದ್ರೆ ಅದು ಗ್ಲೌಸಲ್ಲ, ಕಾಲುಚೀಲ. ಕಮ್ಮಿ ರೇಟು ಅನ್ನೋದು ಕೊಳ್ಳೋರ ಮಾತು. ಹಾಕ್ಕೊಳ್ಳೋರು ಏನಂತಾರೆ?”

ಗೊತ್ತಿಲ್ಲದ್ದನ್ನು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಏನೇನೋ ಕೂಗಾಡಿದೆ. ಅವಳು ಕತ್ತರಿ ಒರೆಸುತ್ತ ಎಲ್ಲ ಕೇಳಿಸಿಕೊಂಡು, “ಆಯ್ತಾ? ಈಗ ಮೂರು ತಿಂಗಳು ಕೊಡು” ಎಂದಳು. “ಮೂರು ತಿಂಗಳ ಕೊನೇ ದಿನ ನಾಲ್ಕು ಮಷೀನು ಬೆಳಗಿಂದ ಸಂಜೆ ತನಕ ಓಡ್ತಾ ಇದ್ರೆ ಶೆಡ್ಡು ಉಳೀತು. ಇಲ್ಲಾಂದ್ರೆ ನಾನೇ ನಿಂತು ಗಾಡಿಗೆ ಹೇರಿಸಿ ಕಳಿಸ್ತೀನಿ.” ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ, ಅವಳು ಸೋಲಲಿ ಎಂದೇ ಒಪ್ಪಿದೆ.

ಮಾರನೇ ದಿನ ಮಧ್ಯಾಹ್ನ ಅವಳು ಒಂದು ಮೂಟೆ ಹೊರಿಸಿಕೊಂಡು ಬಂದು ನಮ್ಮ ನಡುಮನೆಯಲ್ಲಿ ಸುರಿದಳು. ಹಳೇ ಬಾಟಲಿಗಳನ್ನು ಆರಿಸಿ ತೊಳೆದು ಕಾರ್ಖಾನೆಗಳಿಗೆ ಮರಳಿಸುವ ಯಾರ್ಡೊಂದಿದೆ. ಅಲ್ಲಿ ಬಿಸಾಡಿದ್ದ ಕೈಗವಸುಗಳು. ನಮ್ಮವೂ ಇದ್ದವು, ಕಂಪನಿಯವೂ ಇದ್ದವು. ವಾಸನೆಗೆ ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಇದೇನು ಕರ್ಮ, ಈಗ ತಾನೇ ನೆಲ ಒರೆಸಿದೀನಿ” ಎಂದಳು. ತಂಗಿ ಕಿವಿಗೇ ಹಾಕಿಕೊಳ್ಳದೆ ಚಕ್ಕಳಮಕ್ಕಳ ಹಾಕಿ ಕೂತು ಗುಡ್ಡೆ ಮಾಡತೊಡಗಿದಳು. ಚರ್ಮ ತೂತು ಬಿದ್ದ ಎಡಗೈಯವು ಒಂದು ದೊಡ್ಡ ಗುಡ್ಡೆ. ಹಾಕಿಯೇ ಇಲ್ಲವೇನೋ ಅನ್ನಿಸುವ ಬಲಗೈಯವು ಇನ್ನೊಂದು. ಮೂರನೇ ಗುಡ್ಡೆ ವಿಚಿತ್ರವಾಗಿತ್ತು. ಅವೂ ಬಲಗೈಯವೇ, ಅಂಗೈಯ ಚರ್ಮ ಹೊಸದರಂತಿದೆ, ಹಿಂಗೈಯ ಬಟ್ಟೆ ಮಾತ್ರ ಚಿಂದಿ.

“ಬಟ್ಟೆ ಕಳಪೆ ಇರ್ಬೇಕು” ಎಂದೆ, ಬಲ್ಲವನ ಹಾಗೆ.

ಹೆಂಡತಿ ಮೂಗಿನಿಂದ ಸೆರಗು ತೆಗೆದು ಬಗ್ಗಿ ನೋಡಿದಳು. “ಕಳಪೆ ಏನಿಲ್ಲ ರೀ. ಬಲಗೈದನ್ನ ತಿರುಗಿಸಿ ಎಡಗೈಗೆ ಹಾಕ್ಕೊಂಡಿದಾರೆ. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸು ಒಂದು ಹರಿದ್ರೆ ನಾನೂ ಹಿಂಗೇ ಮಾಡ್ತೀನಿ.”

ತಂಗಿ ಎದ್ದು ಹಾಕಿಕೊಂಡು ನೋಡಿದಳು. ಹೆಬ್ಬೆರಳು ಸರಿಯಾಗಿಯೇ ಕೂತಿತು. ಚರ್ಮ ಮಾತ್ರ ಮೇಲಕ್ಕೆ ಹೋಗಿ, ಗಾಜು ತಾಗುವ ಕಡೆ ಬರೀ ಬಟ್ಟೆ ಬಂತು. “ಅತ್ತಿಗೆ, ನೀವು ಇಷ್ಟು ದಿನ ಎಲ್ಲಿದ್ರಿ?” ಎಂದಳು. “ಅಡುಗೆಮನೇಲಿ” ಎಂದಳು ನನ್ನವಳು, ನನ್ನ ಕಡೆ ನೋಡುತ್ತ.

ಅಲ್ಲಿಂದ ಒಂದು ವಾರ ತಂಗಿ ಯಾರ್ಡಿನಲ್ಲೇ ಬಿಡಾರ ಹೂಡಿದಳು. ಸ್ಟೋರ್ ರೂಮಿನಲ್ಲಲ್ಲ, ಕೆಲಸದ ಜಾಗದಲ್ಲಿ. ವಿಷಯ ಸರಳವಾಗಿತ್ತು. ಅಲ್ಲಿಯ ಹೆಂಗಸರು ಎಡಗೈಯಲ್ಲಿ ಬಾಟಲಿ ಹಿಡಿದು, ಬಲಗೈಯಲ್ಲಿ ಸಣ್ಣ ಚಾಕುವಿನಿಂದ ಲೇಬಲ್ಲು ಕೆರೆಯುತ್ತಾರೆ. ಕೈಗವಸು ಹಾಕಿದರೆ ಚಾಕು ಹಿಡಿತಕ್ಕೆ ಸಿಗುವುದಿಲ್ಲ, ಹಾಗಾಗಿ ಬಲಗೈ ಬರಿದು. ಒಡೆದ ಬಾಯಿಯ ಬಾಟಲಿಗಳು ಎಡಗೈಯದನ್ನು ಹತ್ತು ದಿನಕ್ಕೇ ಮುಗಿಸುತ್ತವೆ. ಸ್ಟೋರಿನಿಂದ ಕೊಡುವುದು ತಿಂಗಳಿಗೆ ಒಂದೇ ಜೊತೆ. ಉಳಿದ ಇಪ್ಪತ್ತು ದಿನ ತಿರುಗಿಸಿದ ಬಲಗೈಯೇ ಗತಿ.

ಅವಳು ಎಡಗೈಯವನ್ನು ಮಾತ್ರ ಹೊಲಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ಚರ್ಮ ಎರಡು ಪದರ. “ಒಂಟಿ ಗ್ಲೌಸು ಮಾರೋದಾ? ಜನ ನಗ್ತಾರೆ” ಎಂದೆ. “ನಗ್ಲಿ, ಕೊಂಡ್ಕೊಂಡು ನಗ್ಲಿ” ಎಂದಳು.

ಯಾರ್ಡಿನ ಸ್ಟೋರ್‌ಕೀಪರು ನಗಲಿಲ್ಲ, ಗಾಬರಿಯಾದ. ಕನ್ನಡಕದೊಳಗಿಂದ ರಿಜಿಸ್ಟರನ್ನೂ ಅವಳನ್ನೂ ನೋಡಿದ. ನಾನು ತಮಾಷೆ ನೋಡಲೆಂದೇ ಜೊತೆಗೆ ಹೋಗಿದ್ದೆ.

“ಇಲ್ಲಿ ಜೊತೆ ಅಂತ ಅಚ್ಚಾಗಿದೆಯಮ್ಮಾ. ಅರ್ಧ ಜೊತೆ ಅಂತ ಬರೆದ್ರೆ ಆಡಿಟ್‌ನೋರು ನನ್ನನ್ನೇ ಅರ್ಧ ಮಾಡ್ತಾರೆ.”

ಮುಗಿಯಿತು ಅಂದುಕೊಂಡೆ. ತಂಗಿ ಚೀಲದಿಂದ ಎರಡು ಎಡಗೈಗಳನ್ನು ತೆಗೆದು, ಒಂದರ ಮೇಲೊಂದಿಟ್ಟು ದಾರ ಕಟ್ಟಿ ಅವನ ಮುಂದಿಟ್ಟಳು. “ಇದು ಜೊತೆ ತಾನೇ ಸರ್? ನಿಮ್ಮ ರಿಜಿಸ್ಟರು ಯಾವ ಕೈ ಅಂತ ಕೇಳತ್ತಾ?”

ಅವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. “ಕೇಳಲ್ಲ” ಎಂದ. ಒಂದು ತಿಂಗಳು ನೋಡೋಣ ಎಂದು ಒಪ್ಪಿದ. ರಿಜಿಸ್ಟರಿನಲ್ಲಿ ತಪ್ಪು ಬಾರದಿರುವುದೇ ಅವನ ದೊಡ್ಡ ಚಿಂತೆ, ರೇಟು ಆಮೇಲಿನದು. ಇಷ್ಟು ವರ್ಷ ಅವನ ಎದುರು ಕೂತಿದ್ದ ನನಗೆ ಅದೂ ಹೊಳೆದಿರಲಿಲ್ಲ.

ಒಂದು ತಿಂಗಳಾದ ಮೇಲೆ ಅವನೇ ಕರೆಸಿದ. ಬಾಟಲಿ ಯಾರ್ಡಿನ ಬೆನ್ನಿಗೇ ಟೈಲ್ಸ್ ಕತ್ತರಿಸುವವರು ಬಂದರು, ಅವರಿಗೂ ಎಡಗೈಯದೇ. ತಂತಿ ಎಳೆಯುವ ಕಾರ್ಖಾನೆಗೆ ಬಲಗೈಯದು. ಎಲ್ಲ ಕಡೆ ತಂಗಿ ಮೊದಲು ಕೇಳುತ್ತಿದ್ದದ್ದು ಕಸದ ಡಬ್ಬ ಎಲ್ಲಿದೆ ಎಂದು. ಕಂಪನಿಯ ಏಜೆಂಟನಿಗೆ ಸುಳಿವು ಸಿಕ್ಕಿ ರೇಟು ಇನ್ನಷ್ಟು ಇಳಿಸಿದ. ನಾವೂ ಇಳಿಸೋಣ ಎಂದೆ. ಅವಳು ಒಂದು ಪೈಸೆಯನ್ನೂ ಇಳಿಸಲಿಲ್ಲ. “ಅವ್ರ ಮಷೀನು ಜೊತೆಯಾಗೇ ಕತ್ತರಿಸತ್ತೆ, ಡಜನ್ನಾಗೇ ಕಟ್ಟತ್ತೆ. ಒಂಟಿ ಕೈ ಕೊಡ್ಬೇಕು ಅಂದ್ರೆ ಅವ್ರು ಕಾರ್ಖಾನೇನೇ ತಿರುಗಿಸಿ ಹಾಕ್ಕೋಬೇಕು. ರೇಟಲ್ಲಿ ಅವ್ರು ಗೆಲ್ಲಲಿ ಬಿಡು, ಅಲ್ಲಿ ನಾವು ಆಡ್ತಾನೇ ಇಲ್ಲ” ಎಂದಳು. ಮೂರನೇ ಮಷೀನಿಗೆ ತಾನೇ ಕೂತಳು. ನಾಲ್ಕನೆಯದಕ್ಕೆ ಕೆಲಸವಿತ್ತು, ಕೂರುವವರಿರಲಿಲ್ಲ. ಬಿಟ್ಟುಹೋದ ಮೂವರ ಮನೆಗೂ ಅಲೆದಳು. ಹೊಸ ಜಾಗ ಬಿಟ್ಟು, ಇಂದೋ ನಾಳೆಯೋ ಮುಚ್ಚುವ ಶೆಡ್ಡಿಗೆ ಯಾರು ಬಂದಾರು? ಮುಚ್ಚುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನೇ.

ಮೂರು ತಿಂಗಳ ಕೊನೆಯ ದಿನ ಅವಳಿಗೆ ಮಷೀನು ಬಿಟ್ಟು ಏಳಲು ಪುರುಸೊತ್ತಿರಲಿಲ್ಲ. ಯಾರ್ಡಿಗೆ ಮೂಟೆ ತಲುಪಿಸಲು ನಾನು ಹೋದೆ. ಸ್ಟೋರ್ ರೂಮಿಗೆ ಬೀಗ. ಸೀದಾ ಒಳಗೇ ಕೊಟ್ಟುಬಿಡಿ ಎಂದ ಕಾವಲಿನವನು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಆ ಬಾಗಿಲು ದಾಟಿದೆ. ಉದ್ದನೆಯ ತಗಡಿನ ಮಾಡು, ನೀರಿನ ತೊಟ್ಟಿಗಳು, ಕಿವಿಗಡಚಿಕ್ಕುವ ಗಾಜಿನ ಸದ್ದು. ಹೆಂಗಸರು ಸುತ್ತ ಸೇರಿದರು. ಒಬ್ಬಳು ಮೂಟೆಗೆ ಕೈ ಹಾಕಿ, “ನಾನು ಎಡಚಿ, ನಂದು ಕೆಂಪು ದಾರದ್ದು. ಹೊಲಿಯೋ ಅಕ್ಕ ಬೇರೆ ಕಟ್ಟಿರ್ತಾರೆ” ಎಂದು ಬಲಗೈಯ ಕಟ್ಟೊಂದನ್ನು ಹುಡುಕಿ ತೆಗೆದಳು.

ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ತನ್ನದನ್ನು ಹಾಕಿಕೊಳ್ಳಲು ಎಡಗೈ ಚಾಚಿದಳು. ಅಂಗೈ ತುಂಬ ಅಡ್ಡಡ್ಡ ಬಿಳಿ ಗೆರೆಗಳು. ಹೆಬ್ಬೆರಳು ಅರ್ಧ ಬಾಗಿ ಅಲ್ಲೇ ನಿಲ್ಲುತ್ತಿತ್ತು, ಪೂರ್ತಿ ಮಡಚುತ್ತಿರಲಿಲ್ಲ.

“ಇದು ಹೇಗಾಯ್ತು?” ಎಂದೆ.

“ಬಲಗೈದು ತಿರುಗಿಸಿ ಹಾಕ್ಕೊಂಡಿದ್ದಾಗ ಆಗಿದ್ದಣ್ಣ. ಒಳಗಡೆ ನರ ಕಟ್ಟಾಯ್ತಂತೆ.”

“ಕಂಪನಿ ಗ್ಲೌಸಾ?” ಹೌದು ಎನ್ನಲಿ ಎಂದು ನಾನು ಎಷ್ಟು ಆಸೆಪಟ್ಟೆ ಎಂಬುದು ನನಗೇ ಗೊತ್ತು.

“ಕಂಪನಿದೆಲ್ಲ ಈಗೀಗ ಬಂದಿದ್ದು. ಇದಾಗಿ ಎಂಟೊಂಬತ್ತು ವರ್ಷ ಆಯ್ತು. ಅದು ನಿಮ್ದೇ.”

“ಮತ್ತೆ ಯಾರಿಗೂ ಹೇಳ್ಲಿಲ್ವಾ?”

“ಯಾರು ಕೇಳಿದ್ರು?” ಎಂದಳು ಅವಳು. ದೂರಿನ ದನಿಯೇ ಇರಲಿಲ್ಲ. ಕೈಗವಸನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಂಡು ಕೆಲಸಕ್ಕೆ ಹೋದಳು. ನಾನು ಖಾಲಿ ಚೀಲ ಹಿಡಿದು ನಿಂತೆ. ಎಂಟೊಂಬತ್ತು ವರ್ಷದ ಹಿಂದೆ, ಆ ಕೈ ಕೊಯ್ದ ಹೊತ್ತಿನಲ್ಲಿ, ನಾನು ಗೋಡೆಯಾಚೆ ಟೀ ಕುಡಿಯುತ್ತ ಕೂತಿದ್ದಿರಬಹುದು.

ಶೆಡ್ಡಿಗೆ ಮರಳಿದಾಗ, ನಾನೇ ಹಿಂದೆ ಹೇಳಿಟ್ಟಿದ್ದಂತೆ, ಮಷೀನು ಕೊಳ್ಳುವವನ ಗಾಡಿ ಬಾಗಿಲಿಗೆ ಬಂದಿತ್ತು. ತಂಗಿ ನಾಲ್ಕನೇ ಮಷೀನಿನ ಬೆಲ್ಟು ಬಿಚ್ಚುತ್ತಿದ್ದಳು. ಕಣ್ಣು ಕೆಂಪಾಗಿತ್ತು.

“ಮೂರೇ ಓಡಿದ್ದು” ಎಂದಳು. “ಮಾತು ಅಂದ್ರೆ ಮಾತು. ಹೇರಿಸು.”

“ಬೇಡ, ಬಿಡು. ಮೂರಾದ್ರೂ ಸಾಕು.”

“ಪಾಪ ಅಂತ ಬಿಡೋದಾದ್ರೆ ನಂಗೆ ಬೇಡ. ಇವತ್ತು ಪಾಪ ಅಂತ ಬಿಡ್ತೀಯ, ಮುಂದಿನ ತಿಂಗಳು ಮತ್ತೆ ಗಾಡಿ ಕರೆಸ್ತೀಯ. ನಾಲ್ಕು ಅಂದಿದ್ದೆ, ನಾಲ್ಕೇ.”

ಮಷೀನು ಕೊಳ್ಳುವವನು ಹಗ್ಗ ಹಿಡಿದು ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದ. ನಾನು ಅವನಿಗೆ “ಹೋಗಿ ಬಾಪ್ಪಾ” ಎಂದೆ. ತಂಗಿಯ ಕೈಯಿಂದ ಬೆಲ್ಟು ಕಸಿದು ಮತ್ತೆ ಹಾಕಿ, ಸ್ಟೂಲು ಎಳೆದುಕೊಂಡು ನಾಲ್ಕನೇ ಮಷೀನಿನ ಮುಂದೆ ಕೂತೆ. ಹೊಲಿಯುವ ಹೆಂಗಸರಿಬ್ಬರೂ ತುಟಿ ಕಚ್ಚಿಕೊಂಡು ನಗು ತಡೆದರು. ಅಪ್ಪ ಇದ್ದಾಗಲೂ ನಾನು ಸೂಜಿಗೆ ದಾರ ಪೋಣಿಸಿದವನಲ್ಲ. ತಂಗಿ ಪೋಣಿಸಿಕೊಟ್ಟು, ಕತ್ತರಿಸಿದ ತುಂಡುಗಳನ್ನು ಮುಂದಿಟ್ಟಳು.

ಸಂಜೆಗೆ ಒಂದು ಎಡಗೈ ಮುಗಿಯಿತು. ಹೆಬ್ಬೆರಳ ಬುಡದಲ್ಲಿ ಹೊಲಿಗೆ ಸ್ವಲ್ಪ ಜಾರಿತ್ತು. ನೋಡಿಯೂ ನೋಡದವನಂತೆ ಅದನ್ನು ಗುಡ್ಡೆಗೆ ಸೇರಿಸಿದೆ. ತಂಗಿ ಎತ್ತಿಕೊಂಡು, ಒಳಗೆ ಬೆರಳಾಡಿಸಿ, ನನ್ನ ಮುಂದೆ ವಾಪಸ್ಸು ಇಟ್ಟಳು.

“ಇಷ್ಟೇ ಇಷ್ಟು ಜಾರಿದೆ, ನಡಿಯತ್ತೆ ಬಿಡು” ಎಂದೆ.

“ಯಾರಿಗೆ ನಡಿಯತ್ತೆ?” ಎಂದು ಕೇಳಿದಳು.

ನಾನು ಹೊಲಿಗೆ ಬಿಚ್ಚಿದೆ.